ಕಚೇರಿಯ ಲೇಸರ್ ಪ್ರಿಂಟರ್ ಕೈಕೊಟ್ಟಾಗ ಮೊದಲು ಹಾಳೆ ನೋಡಿ

ಚಿಕ್ಕಬಳ್ಳಾಪುರ ಜಿಲ್ಲೆಯ ಯಾವ ನಾಡಕಚೇರಿಗೆ ಹೋದರೂ, ಯಾವ ಗ್ರಾಮ ಒನ್ ಕೇಂದ್ರದ ಬಾಗಿಲಲ್ಲಿ ನಿಂತರೂ ಮೇಜಿನ ಮೇಲೊಂದು ಲೇಸರ್ ಪ್ರಿಂಟರ್ ಕಾಣುತ್ತದೆ. ಭೂಮಿ ಯೋಜನೆ ಬಂದು ಕೈಬರಹದ ಪಹಣಿ ಹೋದ ಮೇಲೆ ರೈತನ ಜಮೀನಿನ ದಾಖಲೆ ಹೊರಬರುವುದೇ ಈ ಪೆಟ್ಟಿಗೆಯಿಂದ. ಜಾತಿ, ಆದಾಯ ಪ್ರಮಾಣಪತ್ರವೂ ಇದರಿಂದಲೇ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಲೆಕ್ಕ, ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಯ ಬಿಲ್ಲು, ಗೌರಿಬಿದನೂರಿನ ಕಾರ್ಖಾನೆಗಳಲ್ಲಿ ಸರಕಿನ ಚಲನ್, ಎಲ್ಲವೂ ಇದರ ಪಾಲಿಗೆ ಬಂದಿವೆ. ಇದು ನಿಂತರೆ ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವರು ಬರಿಗೈಲಿ ಹಿಂದಿರುಗಬೇಕು. ಆದ್ದರಿಂದ ಪ್ರಿಂಟರ್ ಮುಂದೆ ಕೂರುವವರಿಗೆ ಅದರ ಕಾಯಿಲೆಯ ಅಲ್ಪಸ್ವಲ್ಪ ತಿಳಿವಳಿಕೆ ಇರಲೇಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅದೇನೂ ಕಷ್ಟದ ವಿದ್ಯೆಯಲ್ಲ. ಲೇಸರ್ ಪ್ರಿಂಟರಿನ ಯಾವ ಭಾಗ ಕೆಟ್ಟಿದೆ ಎನ್ನುವುದು ಬಹುತೇಕ ಸಲ ಅದು ಹೊರಹಾಕಿದ ಹಾಳೆಯ ಮೇಲೇ ಕಾಣುತ್ತದೆ. ಹಾಳೆ ನೋಡಲು ಕಲಿತರೆ ಅರ್ಧ ರಿಪೇರಿ ನಿಮ್ಮ ಕೈಯಲ್ಲೇ ಆಗುತ್ತದೆ. ಉಳಿದರ್ಧಕ್ಕೆ ಮೆಕ್ಯಾನಿಕ್ ಬಂದಾಗ ಅವರಿಗೆ ಏನು ಹೇಳಬೇಕು, ಎಷ್ಟು ಕೊಡಬೇಕು ಎನ್ನುವುದು ಗೊತ್ತಿರುತ್ತದೆ.

ಮೊದಲು ಇದು ಕೆಲಸ ಮಾಡುವ ಬಗೆ. ಇಂಕ್‌ಜೆಟ್‌ನಂತೆ ಇದರಲ್ಲಿ ದ್ರವ ಶಾಯಿ ಇಲ್ಲ. ಟೋನರ್ ಎನ್ನುವ ಒಣ ಪುಡಿ ಇದೆ. ಅದು ಬಹುಪಾಲು ಪ್ಲಾಸ್ಟಿಕ್ಕಿನ ಅತಿ ನುಣುಪಾದ ಪುಡಿ. ಬಣ್ಣಕ್ಕೆ ಕಪ್ಪು ಸೇರಿಸಿರುತ್ತಾರೆ. ಕಾರ್ಟ್ರಿಜ್ ಎಂಬ ಡಬ್ಬಿಯಲ್ಲಿ ಈ ಪುಡಿ ತುಂಬಿರುತ್ತದೆ. ಅದರ ತಳದಲ್ಲಿ ಹಸಿರು ಅಥವಾ ನೀಲಿ ಹೊಳಪಿನ ಕೊಳವೆಯೊಂದು ಕಾಣುತ್ತದಲ್ಲ, ಅದೇ ಡ್ರಮ್. ಬೆಳಕು ಬಿದ್ದ ಕಡೆ ವಿದ್ಯುದಂಶ ಕಳೆದುಕೊಳ್ಳುವುದು ಅದರ ಗುಣ. ಪಕ್ಕದಲ್ಲಿರುವ ಚಾರ್ಜ್ ರೋಲರ್, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಪಿಸಿಆರ್, ಡ್ರಮ್ಮಿಗೆ ಮೊದಲು ಸ್ಥಿರ ವಿದ್ಯುತ್ತು ತುಂಬುತ್ತದೆ. ಆಮೇಲೆ ಲೇಸರ್ ಕಿರಣ ಕನ್ನಡಿಯ ಮೂಲಕ ಬಂದು ಅಕ್ಷರ ಬೇಕಾದ ಜಾಗದಲ್ಲಷ್ಟೇ ಅದನ್ನು ಅಳಿಸುತ್ತದೆ. ಅಳಿಸಿದ ಜಾಗಕ್ಕೆ ಮ್ಯಾಗ್ನೆಟಿಕ್ ರೋಲರ್ ಮೇಲಿನ ಟೋನರ್ ಹಾರಿ ಕೂರುತ್ತದೆ. ಬಾಚಣಿಗೆಯನ್ನು ಕೂದಲಿಗೆ ಉಜ್ಜಿ ಹಿಡಿದರೆ ಕಾಗದದ ಚೂರು ಹಾರಿ ಅಂಟುವುದು ಇದೇ ಶಕ್ತಿಯಿಂದ.

ಅಲ್ಲಿಂದ ಪುಡಿ ಹಾಳೆಗೆ ದಾಟಬೇಕು. ಹಾಳೆಯ ಕೆಳಗಿರುವ ಕಪ್ಪು ಸ್ಪಂಜಿನಂಥ ಟ್ರಾನ್ಸ್‌ಫರ್ ರೋಲರ್ ಅದನ್ನು ಡ್ರಮ್ಮಿನಿಂದ ಎಳೆದು ಹಾಳೆಯ ಮೇಲೆ ಕೂರಿಸುತ್ತದೆ. ಈ ಹಂತದಲ್ಲಿ ಬೆರಳಿಂದ ಒರೆಸಿದರೆ ಅಕ್ಷರ ಅಳಿಸಿಹೋಗುತ್ತದೆ. ಕೊನೆಯದು ಫ್ಯೂಸರ್, ಅಂದರೆ ಕಾವು ಕೊಟ್ಟು ಒತ್ತುವ ಭಾಗ. ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಪುಡಿಯ ಪ್ಲಾಸ್ಟಿಕ್ ಕರಗಿ ಕಾಗದದ ನಾರಿಗೆ ಕಚ್ಚಿಕೊಳ್ಳುತ್ತದೆ. ಪ್ರಿಂಟರಿನಿಂದ ಹೊರಬಂದ ಹಾಳೆ ಬೆಚ್ಚಗಿರುವುದಕ್ಕೆ ಇದೇ ಕಾರಣ. ಡ್ರಮ್ಮಿನ ಮೇಲೆ ಉಳಿದ ಪುಡಿಯನ್ನು ವೈಪರ್ ಬ್ಲೇಡ್ ಎಂಬ ರಬ್ಬರ್ ಪಟ್ಟಿ ಕೆರೆದು ಪಕ್ಕದ ಕಸದ ಕೋಣೆಗೆ ತಳ್ಳುತ್ತದೆ. ಮತ್ತೆ ಮೊದಲಿನಿಂದ ಸುತ್ತು ಶುರು.

ಚಾರ್ಜ್, ಲೇಸರ್, ಟೋನರ್, ವರ್ಗಾವಣೆ, ಕಾವು, ಶುದ್ಧಿ. ಈ ಆರು ಹಂತಗಳು ನೆನಪಿದ್ದರೆ ಮುಂದಿನದೆಲ್ಲ ಸಲೀಸು.

ಯಂತ್ರದ ಮೇಲೆ ಅನುಮಾನಪಡುವ ಮೊದಲು ಕಂಪ್ಯೂಟರ್ ಕಡೆ ಒಮ್ಮೆ ನೋಡಿ. ಪ್ರಿಂಟ್ ಕೊಟ್ಟರೆ ಸದ್ದೇ ಇಲ್ಲ, ದೀಪವೂ ಮಿಟುಕುವುದಿಲ್ಲ ಎಂದಾದರೆ ಬಹಳ ಸಲ ಸರದಿಯಲ್ಲಿ ಹಳೆಯ ಕಡತವೊಂದು ಸಿಕ್ಕಿಕೊಂಡಿರುತ್ತದೆ. ವಿಂಡೋಸ್‌ನಲ್ಲಿ ಈ ಸರದಿಯನ್ನು ನಡೆಸುವುದು ಪ್ರಿಂಟ್ ಸ್ಪೂಲರ್ ಎಂಬ ಸೇವೆ. ಸರ್ವೀಸಸ್ ಪಟ್ಟಿಯಲ್ಲಿ ಅದನ್ನು ಹುಡುಕಿ ರೀಸ್ಟಾರ್ಟ್ ಕೊಡಿ, ಇಲ್ಲವೇ ಕಂಪ್ಯೂಟರನ್ನೇ ಒಮ್ಮೆ ಆರಿಸಿ ಹಚ್ಚಿ. ಪ್ರಿಂಟರ್ ಆಫ್‌ಲೈನ್ ಎಂದು ಗುರುತಾಗಿದ್ದರೆ ಆ ಗುರುತು ತೆಗೆಯಿರಿ. ಯುಎಸ್‌ಬಿ ತಂತಿಯನ್ನು ಬೇರೆ ಕಿಂಡಿಗೆ ಚುಚ್ಚಿದರೆ ಕೆಲವು ಸಲ ವಿಂಡೋಸ್ ಅದೇ ಪ್ರಿಂಟರಿಗೆ ‘ಕಾಪಿ 1’ ಎಂದು ಇನ್ನೊಂದು ಹೆಸರು ಕೊಡುತ್ತದೆ. ನೀವು ಹಳೆಯ ಹೆಸರಿಗೆ ಪ್ರಿಂಟ್ ಕಳಿಸುತ್ತಲೇ ಇರುತ್ತೀರಿ, ಹಾಳೆ ಬರುವುದಿಲ್ಲ. ನಮ್ಮ ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿರುವ ಎಚ್‌ಪಿ ಲೇಸರ್‌ಜೆಟ್ 1020ರಂಥ ಯಂತ್ರಕ್ಕೆ ಇನ್ನೊಂದು ಸ್ವಭಾವವಿದೆ. ಅದರ ಒಳಗಿನ ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರಿನಿಂದಲೇ ಇಳಿಯಬೇಕು. ಡ್ರೈವರ್ ಸರಿಯಿಲ್ಲದ ಕಂಪ್ಯೂಟರಿಗೆ ಜೋಡಿಸಿದರೆ ಅದು ಸುಮ್ಮನೆ ಕೂತಿರುತ್ತದೆ. ಅದನ್ನು ಕೆಟ್ಟಿದೆ ಎಂದು ಮೂಲೆಗೆ ಹಾಕಬೇಡಿ.

ಕನ್ನಡದ ಕೆಲಸ ಮಾಡುವವರು ಇದನ್ನೂ ತಿಳಿದಿರಬೇಕು. ಹಾಳೆಯ ಮೇಲೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬಂದರೆ ಅದು ಪ್ರಿಂಟರಿನ ದೋಷವಲ್ಲ. ಕಡತವನ್ನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದಾರೆ, ಈ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ ಎಂದರ್ಥ. ನುಡಿ ತಂತ್ರಾಂಶ ಹಾಕಿ, ಅಥವಾ ಟೈಪ್ ಮಾಡಿದ ಕಂಪ್ಯೂಟರಿನಿಂದಲೇ ಪಿಡಿಎಫ್ ಮಾಡಿಸಿಕೊಳ್ಳಿ. ಇದಕ್ಕಾಗಿ ಮೆಕ್ಯಾನಿಕ್ ಕರೆಸಿ ದುಡ್ಡು ಕಳೆದುಕೊಳ್ಳುವುದು ನಿಜವಾಗಿಯೂ ಬೇಸರದ ಸಂಗತಿ.

ಈಗ ಹಾಳೆಯ ವಿಷಯಕ್ಕೆ ಬರೋಣ. ಅರ್ಧದಲ್ಲಿ ನಿಲ್ಲಿಸುವ ಪರೀಕ್ಷೆ ಎಂಬುದೊಂದಿದೆ. ನನ್ನ ಮಟ್ಟಿಗೆ ಇಡೀ ರಿಪೇರಿ ವಿದ್ಯೆಯಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಒಂದು ಪುಟ ಪ್ರಿಂಟ್ ಕೊಡಿ. ಹಾಳೆ ಅರ್ಧ ಒಳಗೆ ಹೋದಾಗ ಮುಂದಿನ ಬಾಗಿಲು ತೆರೆಯಿರಿ. ಬಾಗಿಲು ತೆರೆದ ಕೂಡಲೇ ಮೋಟಾರ್, ಲೇಸರ್ ಎರಡೂ ನಿಲ್ಲುತ್ತವೆ, ಭಯ ಬೇಡ. ಸ್ವಿಚ್ ಆರಿಸಿ, ಕಾರ್ಟ್ರಿಜ್ ಮೆಲ್ಲಗೆ ಹೊರತೆಗೆದು ಡ್ರಮ್ ನೋಡಿ. ಡ್ರಮ್ಮಿನ ಮುಚ್ಚಳವನ್ನು ಬೆರಳ ತುದಿಯಲ್ಲಿ ಎತ್ತಿದರೆ ಸಾಕು. ಹೊಳಪಿನ ಮೈಯನ್ನು ಮುಟ್ಟಬೇಡಿ, ಕಿಟಕಿಯ ಬಿಸಿಲಿಗೂ ಹಿಡಿಯಬೇಡಿ.

ಡ್ರಮ್ಮಿನ ಮೇಲೆ ಅಕ್ಷರ ಕಪ್ಪಗೆ, ಅಚ್ಚುಕಟ್ಟಾಗಿ ಕಾಣುತ್ತಿದೆ, ಆದರೆ ಹಾಳೆಗೆ ದಾಟಿಲ್ಲ ಎಂದರೆ ತೊಂದರೆ ಟ್ರಾನ್ಸ್‌ಫರ್ ರೋಲರಿನದು, ಅಥವಾ ಹಾಳೆ ತೇವವಾಗಿದೆ. ಡ್ರಮ್ಮಿನ ಮೇಲೇ ಅಕ್ಷರ ಮಸುಕಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕಾರ್ಟ್ರಿಜ್ ಅಥವಾ ಲೇಸರ್ ಕಡೆ ಹುಡುಕಬೇಕು. ಹಾಳೆಯ ಮೇಲೆ ಫ್ಯೂಸರ್ ತಲುಪದ ಭಾಗದಲ್ಲಿ ಬರಹ ಚೆನ್ನಾಗಿದ್ದು, ಪೂರ್ತಿ ಹೊರಬಂದ ಹಾಳೆಗಳಲ್ಲಿ ಮಾತ್ರ ಮಸಿ ಮೆತ್ತಿದ್ದರೆ ಫ್ಯೂಸರೇ ತಪ್ಪಿತಸ್ಥ. ಹೀಗೆ ಎರಡು ನಿಮಿಷದಲ್ಲಿ ಯಂತ್ರದ ಮೂರು ಭಾಗಗಳಲ್ಲಿ ಯಾವುದು ಎಂದು ಬೇರ್ಪಡುತ್ತದೆ.

ಆದರೆ ಹಾಗೆ ನಿಲ್ಲಿಸಿದ ಹಾಳೆಯನ್ನು ಹೊರಗೆಳೆಯುವಾಗ ಫ್ಯೂಸರಿಗೆ ಕೈ ತಗಲಿಸಬೇಡಿ, ಬೊಕ್ಕೆ ಬರುವಷ್ಟು ಬಿಸಿ ಇರುತ್ತದೆ. ಹಾಳೆಯ ಮೇಲಿನ ಹಸಿ ಪುಡಿ ಅಂಗಿಗೆ ತಾಗಿದರೆ ಒಣ ಬಟ್ಟೆಯಿಂದ ಕೊಡವಿ, ಆಮೇಲೆ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಪ್ಲಾಸ್ಟಿಕ್ ಕರಗಿ ಬಟ್ಟೆಗೇ ಕಚ್ಚಿಕೊಳ್ಳುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನಿಂದ ಟೋನರ್ ಎಳೆಯಬಾರದು, ಅಷ್ಟು ನುಣ್ಣನೆಯ ಪುಡಿ ಅದರ ಚೀಲದಿಂದ ತೂರಿ ಮತ್ತೆ ಗಾಳಿಗೇ ಬರುತ್ತದೆ.

ಇನ್ನು ಗುರುತುಗಳು. ಪುಟದಲ್ಲಿ ಒಂದೇ ಬಗೆಯ ಚುಕ್ಕೆ ಅಥವಾ ಕಲೆ ಮೇಲಿಂದ ಕೆಳಗೆ ಮತ್ತೆ ಮತ್ತೆ ಬರುತ್ತಿದ್ದರೆ ಸ್ಕೇಲ್ ತೆಗೆದುಕೊಂಡು ಎರಡು ಕಲೆಗಳ ನಡುವಿನ ದೂರ ಅಳೆಯಿರಿ. ಸುತ್ತುವ ಭಾಗದ ಮೇಲೆ ಒಂದು ಗಾಯವಿದ್ದರೆ ಪ್ರತಿ ಸುತ್ತಿಗೂ ಅದು ಒಂದು ಕಲೆ ಬಿಡುತ್ತದೆ. ಹಾಗಾಗಿ ಆ ದೂರವೇ ಅದರ ಸುತ್ತಳತೆ. 1020, ಎಂ1005, ಕ್ಯಾನನ್ ಎಲ್‌ಬಿಪಿ 2900ರಂಥ ಚಿಕ್ಕ ಯಂತ್ರಗಳ ಡ್ರಮ್ ಸುಮಾರು 24 ಮಿಲಿಮೀಟರ್ ದಪ್ಪ. ಕಲೆಗಳ ನಡುವೆ ಸುಮಾರು 75 ಮಿಲಿಮೀಟರ್ ಇದ್ದರೆ ಡ್ರಮ್ಮಿಗೆ ಗೀರು ಬಿದ್ದಿದೆ. ಸುಮಾರು 38 ಮಿಲಿಮೀಟರ್ ಇದ್ದರೆ ಚಾರ್ಜ್ ರೋಲರ್. ಎರಡೂ ಕಾರ್ಟ್ರಿಜ್ ಒಳಗಿನ ಭಾಗಗಳೇ, ಪ್ರಿಂಟರ್ ಬಿಚ್ಚುವ ಅಗತ್ಯವೇ ಇಲ್ಲ. ದೂರ ಇವೆರಡಕ್ಕೂ ಹೊಂದದೆ, ಅಕ್ಷರದ ಮಸುಕು ನೆರಳು ಕೆಳಗೆ ಮತ್ತೊಮ್ಮೆ ಮೂಡುತ್ತಿದ್ದರೆ ಫ್ಯೂಸರ್ ಕಡೆ ನೋಡಿಸಿ.

ಮೇಲಿಂದ ಕೆಳಕ್ಕೆ ಉದ್ದನೆಯ ಕಪ್ಪು ಗೆರೆ ಬಂದರೆ ಡ್ರಮ್ಮಿನ ಸುತ್ತ ಗೀರು ಬಿದ್ದಿರಬಹುದು, ಅಥವಾ ವೈಪರ್ ಬ್ಲೇಡಿನ ಅಂಚು ಹರಿದಿರಬಹುದು. ಅದೇ ಉದ್ದನೆಯ ಗೆರೆ ಬಿಳಿಯಾಗಿದ್ದರೆ ಕಾರಣ ಬೇರೆ. ಟೋನರ್ ಮುಗಿಯುತ್ತ ಬಂದಿದೆ, ಅಥವಾ ಲೇಸರ್ ಹೊರಬರುವ ಗಾಜಿನ ಪಟ್ಟಿಯ ಮೇಲೆ ಧೂಳು ಕೂತು ಕಿರಣಕ್ಕೆ ಅಡ್ಡಿಯಾಗಿದೆ. ಇಡೀ ಪುಟ ಕಪ್ಪಾಗಿ ಬಂದರೆ ಡ್ರಮ್ಮಿಗೆ ಚಾರ್ಜ್ ಆಗುತ್ತಿಲ್ಲ. ಕಾರ್ಟ್ರಿಜ್‌ನ ಪಕ್ಕದ ಲೋಹದ ಸಂಪರ್ಕ ಬಿಂದುಗಳನ್ನು ಒಣ ಬಟ್ಟೆಯಿಂದ ಒರೆಸಿ ಮತ್ತೆ ಕೂರಿಸಿ ನೋಡಿ. ಪುಟ ಪೂರ್ತಿ ಬಿಳಿಯಾಗಿದ್ದು ಕಾರ್ಟ್ರಿಜ್ ಹೊಸದಾಗಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಸೀಲ್ ಟೇಪ್ ಎಳೆದಿರಾ? ಎಳೆಯುವುದನ್ನು ಮರೆಯುವವರು ಅಪರೂಪವೇನಲ್ಲ.

ಪುಟದುದ್ದಕ್ಕೂ ಬೂದು ಬಣ್ಣದ ಮಬ್ಬು ಹರಡಿದರೆ ಅದು ಹಲವು ಸಲ ರೀಫಿಲ್ ಆದ ಕಾರ್ಟ್ರಿಜ್‌ನ ಲಕ್ಷಣ. ಡ್ರಮ್ ಸವೆದಿದೆ, ಕಸದ ಕೋಣೆ ತುಂಬಿದೆ, ಇಲ್ಲವೇ ಕಳಪೆ ಪುಡಿ ತುಂಬಿದ್ದಾರೆ. ಅಕ್ಷರ ಸರಿಯಾಗಿದ್ದರೂ ಬೆರಳಿಂದ ಉಜ್ಜಿದಾಗ ಉದುರಿದರೆ ಕಾವು ಸಾಲುತ್ತಿಲ್ಲ. ಫ್ಯೂಸರಿನ ಹೊರಪದರ, ಮೆಕ್ಯಾನಿಕ್‌ಗಳು ಟೆಫ್ಲಾನ್ ಎನ್ನುವ ತೆಳು ಹೊದಿಕೆ, ಹರಿದಿರಬಹುದು. ದಪ್ಪ ಹಾಳೆ ಹಾಕಿ ಸೆಟ್ಟಿಂಗಿನಲ್ಲಿ ಸಾಮಾನ್ಯ ಹಾಳೆ ಎಂದು ಬಿಟ್ಟಿದ್ದರೂ ಹೀಗಾಗುತ್ತದೆ, ಅದನ್ನು ಮೊದಲು ನೋಡಿ. ಪಹಣಿಯ ಅಕ್ಷರ ಮಡಚಿದ ಕಡೆ ಉದುರಿದರೆ ಬ್ಯಾಂಕಿನ ಕಿಟಕಿಯಲ್ಲಿ ತೊಂದರೆಗೆ ಸಿಗುವವರು ರೈತರು. ಇಂಥ ಹಾಳೆಯನ್ನು ಹೇಗೋ ಓದಬಹುದಲ್ಲ ಎಂದು ಕೊಟ್ಟು ಕಳಿಸಬಾರದು.

ಬ್ರದರ್ ಕಂಪನಿಯ ಯಂತ್ರವಾದರೆ ಒಂದು ವ್ಯತ್ಯಾಸವಿದೆ. ಅದರಲ್ಲಿ ಟೋನರ್ ಮತ್ತು ಡ್ರಮ್ ಬೇರೆ ಬೇರೆ. ಡ್ರಮ್ ಘಟಕದಲ್ಲಿ ಚಾರ್ಜ್ ಕೊಡುವ ಸಣ್ಣ ತಂತಿ ಇರುತ್ತದೆ. ಅದರ ಮೇಲಿನ ಪುಟ್ಟ ಟ್ಯಾಬನ್ನು ಎಡಕ್ಕೂ ಬಲಕ್ಕೂ ಹಲವು ಸಲ ಎಳೆದರೆ ತಂತಿ ಶುದ್ಧವಾಗುತ್ತದೆ. ಎಳೆದ ಮೇಲೆ ಟ್ಯಾಬನ್ನು ಬಾಣದ ಗುರುತಿನ ಜಾಗಕ್ಕೆ ತಂದು ಬಿಡಬೇಕು. ಮಧ್ಯದಲ್ಲಿ ಬಿಟ್ಟರೆ ಪುಟದಲ್ಲಿ ಕಪ್ಪು ಪಟ್ಟೆ ಮೂಡುತ್ತದೆ.

ಹಾಳೆ ಸಿಕ್ಕಿಕೊಳ್ಳುವುದು ನಮ್ಮ ಕಡೆಯ ದಿನನಿತ್ಯದ ದೂರು. ಹಾಳೆ ಎಳೆದುಕೊಳ್ಳುವ ಪಿಕಪ್ ರೋಲರಿನ ರಬ್ಬರ್ ಧೂಳಿನಿಂದ ಅಥವಾ ಸವೆತದಿಂದ ನುಣುಪಾದರೆ ಹಾಳೆ ಜಾರುತ್ತದೆ, ಒಳಗೆ ಹೋಗುವುದಿಲ್ಲ. ಎರಡು ಮೂರು ಹಾಳೆ ಒಟ್ಟಿಗೆ ಹೋದರೆ ಅದರ ಎದುರಿನ ಸೆಪರೇಶನ್ ಪ್ಯಾಡ್, ಅಂದರೆ ಹಾಳೆ ಬಿಡಿಸುವ ಪಟ್ಟಿ, ಸವೆದಿದೆ. ಸ್ವಿಚ್ ಆರಿಸಿ, ನೂಲೇಳದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ರೋಲರ್ ಒರೆಸಿ. ಸೀಮೆಎಣ್ಣೆ, ಥಿನ್ನರ್ ಬೇಡವೇ ಬೇಡ, ರಬ್ಬರ್ ಹಾಳಾಗುತ್ತದೆ. ಸಿಕ್ಕಿಕೊಂಡ ಹಾಳೆಯನ್ನು ಎರಡೂ ಕೈಯಿಂದ ಹಿಡಿದು, ಅದು ಸಾಗುತ್ತಿದ್ದ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಹರಿದು ಉಳಿದ ಉಗುರಿನಷ್ಟು ಚೂರು ಕೂಡ ಹಾಳೆ ಗುರುತಿಸುವ ಸೆನ್ಸರನ್ನು ತಡೆದು, ಖಾಲಿ ಯಂತ್ರದಲ್ಲೂ ಹಾಳೆ ಸಿಕ್ಕಿದೆ ಎಂದು ತೋರಿಸುತ್ತದೆ. ಟಾರ್ಚ್ ಹಾಕಿ ಹುಡುಕಿ ತೆಗೆಯಿರಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕಬೇಡಿ.

ಇಲ್ಲಿನ ಹವೆಗೂ ಇದಕ್ಕೂ ನಂಟಿದೆ. ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ವಾರಿ, ಕ್ರಷರ್‌ಗಳಿವೆ. ಬೇಸಿಗೆಯಲ್ಲಿ ಬಯಲುಸೀಮೆಯ ಕೆಂಪು ಧೂಳು ಎಲ್ಲ ಕಡೆಯೂ ಏಳುತ್ತದೆ. ರಸ್ತೆಗೆ ಬಾಗಿಲು ತೆರೆದ ಕೇಂದ್ರಗಳಲ್ಲಿ ಪಿಕಪ್ ರೋಲರ್, ಲೇಸರ್ ಗಾಜು ಎರಡೂ ಬೇಗ ಮಸುಕಾಗುತ್ತವೆ. ಸಂಜೆ ಬಾಗಿಲು ಹಾಕುವಾಗ ಯಂತ್ರ ಆರಿದ ಮೇಲೆ ಒಂದು ಬಟ್ಟೆ ಹೊದಿಸಿ, ಹಾಳೆ ತಟ್ಟೆಯನ್ನು ಮುಚ್ಚಿಡಿ. ಚಳಿಗಾಲದಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಮಂಜು ಕವಿದ ಬೆಳಿಗ್ಗೆಗಳು ಬೇರೆ ತೊಂದರೆ ಕೊಡುತ್ತವೆ. ಕಟ್ಟು ಬಿಚ್ಚಿಟ್ಟ ಹಾಳೆ ರಾತ್ರಿಯೆಲ್ಲ ತೇವ ಹೀರಿ ಬೆಳಿಗ್ಗೆ ಸುರುಳಿ ಸುತ್ತುತ್ತದೆ, ಬರಹವೂ ಮಾಸಲಾಗುತ್ತದೆ. ಶಿಡ್ಲಘಟ್ಟದಲ್ಲಿ ರೀಲಿಂಗ್ ಘಟಕದ ಪಕ್ಕದಲ್ಲೇ ಲೆಕ್ಕದ ಕೋಣೆ ಇಟ್ಟುಕೊಂಡವರಿಗೆ ಬಿಸಿನೀರಿನ ಆವಿಯಿಂದ ವರ್ಷವಿಡೀ ಇದೇ ಕಷ್ಟ. ಬೇಕಾದಷ್ಟು ಹಾಳೆ ಮಾತ್ರ ತಟ್ಟೆಗೆ ಹಾಕಿ, ಉಳಿದದ್ದನ್ನು ಕಂಪನಿಯ ಹೊದಿಕೆಯಲ್ಲೇ ಸುತ್ತಿ ಬೀರುವಿನಲ್ಲಿಡಿ. ಹಿಂಬದಿ ಬಳಸಲೆಂದು ಹಳೆಯ ಹಾಳೆ ಹಾಕುವುದಾದರೆ ಸ್ಟೇಪ್ಲರ್ ಪಿನ್ನು ಒಂದೂ ಉಳಿಯದಂತೆ ತೆಗೆಯಿರಿ. ಒಂದು ಪಿನ್ನು ಸಾಕು ಟೆಫ್ಲಾನ್ ಸೀಳಲು.

ಕರೆಂಟಿನ ವಿಷಯದಲ್ಲಿ ಒಂದು ತಪ್ಪು ತುಂಬ ಕಡೆ ನಡೆಯುತ್ತಿದೆ. ಬೆಸ್ಕಾಂ ಕರೆಂಟು ಹೋದರೂ ಕೆಲಸ ನಿಲ್ಲಬಾರದು ಎಂದು ಪ್ರಿಂಟರನ್ನೂ ಕಂಪ್ಯೂಟರಿನ ಚಿಕ್ಕ ಯುಪಿಎಸ್‌ಗೇ ಚುಚ್ಚುತ್ತಾರೆ. ಫ್ಯೂಸರ್ ಕಾಯುವ ಕ್ಷಣದಲ್ಲಿ ಲೇಸರ್ ಪ್ರಿಂಟರ್ ನೂರಾರು ವ್ಯಾಟ್ ಎಳೆಯುತ್ತದೆ. ಆಗ ಟ್ಯೂಬ್‌ಲೈಟ್ ಮಿನುಗುವುದನ್ನು ನೀವೂ ನೋಡಿರಬಹುದು. 600 ವಿಎ ಯುಪಿಎಸ್‌ಗೆ ಅದು ಭಾರ. ಯುಪಿಎಸ್ ತಟಕ್ಕನೆ ನಿಂತು ಕಂಪ್ಯೂಟರೂ ಆರುತ್ತದೆ, ಕ್ರಮೇಣ ಎರಡೂ ಹಾಳಾಗುತ್ತವೆ. ಪ್ರಿಂಟರಿಗೆ ಗೋಡೆಯಲ್ಲಿ ಸರಿಯಾದ ಅರ್ಥಿಂಗ್ ಇರುವ ಬೇರೆ ಸಾಕೆಟ್ ಕೊಡಿ. ಅರ್ಥಿಂಗ್ ಇಲ್ಲದಿದ್ದರೆ ಹಾಳೆಯ ಮೇಲೂ ವಿಚಿತ್ರ ಕಲೆಗಳು ಮೂಡಬಹುದು.

ಖರ್ಚಿನ ಲೆಕ್ಕ. ಮಾಡೆಲ್ ಮತ್ತು ಊರಿನ ಮೇಲೆ ಹೆಚ್ಚುಕಡಿಮೆ ಆಗುತ್ತದೆ, ಆದರೂ ಅಂದಾಜು ಇರಲಿ. ಸಾಮಾನ್ಯ ಕಪ್ಪು ಕಾರ್ಟ್ರಿಜ್ ರೀಫಿಲ್‌ಗೆ ಸುಮಾರು 250ರಿಂದ 400 ರೂಪಾಯಿ. ಡ್ರಮ್ ಬದಲಿಸಿದರೆ ಒಂದೆರಡು ನೂರು ಹೆಚ್ಚು. ಬೇರೆ ಕಂಪನಿಯವರು ಮಾಡುವ ಹೊಂದಾಣಿಕೆಯ ಕಾರ್ಟ್ರಿಜ್ ಸಾವಿರದೊಳಗೆ ಸಿಗುತ್ತದೆ. ಎಚ್‌ಪಿ 12ಎಯಂಥ ಅಸಲಿ ಕಾರ್ಟ್ರಿಜ್ ಐದು ಸಾವಿರ ದಾಟುತ್ತದೆ. ಕಂಪನಿಯ ಲೆಕ್ಕದಲ್ಲಿ ಅದರ ಆಯುಸ್ಸು ಸುಮಾರು 2000 ಪುಟ. ಆ ಲೆಕ್ಕ ಪುಟದ ನೂರರಲ್ಲಿ ಐದು ಭಾಗ ಮಾತ್ರ ಕಪ್ಪಾಗುತ್ತದೆ ಎಂದು ಹಿಡಿದದ್ದು. ಗೆರೆ, ಚೌಕ, ಮುದ್ರೆ ತುಂಬಿದ ನಮ್ಮ ದಾಖಲೆಗಳಲ್ಲಿ ಅಷ್ಟು ಪುಟ ಬರುವುದಿಲ್ಲ. ಪಿಕಪ್ ರೋಲರ್, ಪ್ಯಾಡ್ ಬದಲಿಸಲು ಕೂಲಿ ಸೇರಿ ಕೆಲವು ನೂರು ರೂಪಾಯಿ. ಟೆಫ್ಲಾನ್ ಕೆಲಸಕ್ಕೆ ಸಾವಿರದ ಆಸುಪಾಸು. ಲಾಜಿಕ್ ಕಾರ್ಡ್, ಅಂದರೆ ಮುಖ್ಯ ಬೋರ್ಡು, ಹೋದರೆ ಸಾವಿರಗಳ ಮಾತು. ರಿಪೇರಿಯ ಒಟ್ಟು ಮೊತ್ತ ಹೊಸ ಯಂತ್ರದ ಅರ್ಧ ಬೆಲೆ ಮೀರಿದರೆ ನಾನು ಹೊಸದನ್ನೇ ಕೊಳ್ಳಿ ಎನ್ನುತ್ತೇನೆ.

ರೀಫಿಲ್ ಮಾಡಿಸಬಹುದೇ, ಯಂತ್ರ ಹಾಳಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ನಿಮ್ಮ ಮಾಡೆಲ್‌ಗೆ ಹೊಂದುವ ಒಳ್ಳೆಯ ಪುಡಿಯಾದರೆ ಧೈರ್ಯವಾಗಿ ಮಾಡಿಸಿ. ಪ್ರತಿ ಸಲವೂ ಕಸದ ಕೋಣೆ ಖಾಲಿ ಮಾಡಿಸಿ, ಮೂರು ನಾಲ್ಕು ರೀಫಿಲ್‌ಗೊಮ್ಮೆ ಡ್ರಮ್ ಮತ್ತು ವೈಪರ್ ಬ್ಲೇಡ್ ಬದಲಿಸಿ. ಹೊಸ ಯಂತ್ರ ವಾರಂಟಿಯಲ್ಲಿದ್ದರೆ ಮಾತ್ರ ಷರತ್ತುಗಳನ್ನು ಓದಿಕೊಳ್ಳಿ. ರೀಫಿಲ್ ಪುಡಿ ಸೋರಿ ಆದ ಹಾನಿಯನ್ನು ಕಂಪನಿ ಭರಿಸುವುದಿಲ್ಲ.

ಎಲ್ಲಿ ಮಾಡಿಸಬೇಕು? ರೀಫಿಲ್, ರೋಲರ್, ಟೆಫ್ಲಾನ್‌ನಂಥ ಕೆಲಸಗಳನ್ನು ಜಿಲ್ಲೆಯ ಊರುಗಳ ಕಂಪ್ಯೂಟರ್ ಅಂಗಡಿಗಳಲ್ಲೇ ಕೇಳಿ ನೋಡಿ. ನಿಮ್ಮ ಊರಿನ ಹಳೆಯ ಜೆರಾಕ್ಸ್ ಅಂಗಡಿಯವರನ್ನು ವಿಚಾರಿಸಿದರೆ ಕೈಚಳಕವಿರುವ ಮೆಕ್ಯಾನಿಕ್ ಯಾರು ಎಂದು ಅವರೇ ಹೇಳುತ್ತಾರೆ, ಏಕೆಂದರೆ ಅವರ ಹೊಟ್ಟೆಪಾಡು ಅದರ ಮೇಲೆ ನಿಂತಿದೆ. ಇಲ್ಲಿ ಸಿಗದ ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಹೋಗುವಾಗ ಪ್ರಿಂಟರಿನ ಮಾಡೆಲ್ ಸಂಖ್ಯೆ, ಹಳೆಯ ಭಾಗ, ಕೆಟ್ಟ ಪುಟದ ಒಂದು ಮಾದರಿ ಮೂರನ್ನೂ ಒಯ್ಯಿರಿ. ಅಸಲಿ ಎಂದು ಹೇಳಿ ನಕಲಿ ಕಾರ್ಟ್ರಿಜ್ ಕೊಟ್ಟರೆ ಬಿಲ್ಲಿನೊಡನೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಬಿಲ್ಲಿಲ್ಲದೆ ಕೊಂಡರೆ ಈ ದಾರಿ ಕಷ್ಟ. ಸರ್ಕಾರಿ ಕಚೇರಿಯಾದರೆ ವಾರ್ಷಿಕ ನಿರ್ವಹಣಾ ಗುತ್ತಿಗೆ ಇದೆಯೇ ಎಂದು ಮೊದಲು ಕಡತ ನೋಡಿ. ಗುತ್ತಿಗೆಯಲ್ಲಿ ಫ್ಯೂಸರ್ ಸೇರಿದೆಯೋ ಇಲ್ಲವೋ ಎನ್ನುವುದನ್ನು ಸಹಿ ಹಾಕುವ ಮುಂಚೆ ಬರೆಸಿಕೊಳ್ಳುವುದು ಒಳ್ಳೆಯದು.

ಬಳಸಿ ಮುಗಿದ ಕಾರ್ಟ್ರಿಜ್‌ಗಳನ್ನು ಕಸದ ಗುಡ್ಡೆಗೆ ಎಸೆಯಬೇಡಿ, ಸುಡಲೂ ಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಪ್ರಿಂಟರ್ ಜೊತೆಗೆ ಕಾರ್ಟ್ರಿಜ್ ಕೂಡ ಸೇರಿದೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಬಾಯಿ ಕಟ್ಟಿ ಕೂಡಿಡಿ. ರೀಫಿಲ್ ಮಾಡುವವರು ಗಟ್ಟಿಯಿರುವ ಖಾಲಿ ಡಬ್ಬಿಗಳನ್ನು ಕೊಳ್ಳುವುದೂ ಉಂಟು. ಉಳಿದದ್ದನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ; ಸರ್ಕಾರಿ ಕಚೇರಿಯಾದರೆ ದಾಸ್ತಾನು ವಹಿಯಿಂದ ಹಳೆಯ ಯಂತ್ರವನ್ನು ತೆಗೆದುಹಾಕುವಾಗ ಆ ರಸೀದಿ ಕಡತದಲ್ಲಿರಲಿ.